ಪಾರ್ಕಿನ್ಸನ್ಸ್: ನನ್ನ ಮಾತು ನನಗೆ ಸರಿಯಾಗಿಯೇ ಕೇಳಿಸುತ್ತದೆ, ಬೇರೆಯವರಿಗೆ ಯಾಕೆ ಕೇಳಿಸುವುದಿಲ್ಲ?

ಮೆದುಮಾತಿನವ (ಪ್ರಶ್ನೆ)

ನನಗೆ 66 ವರ್ಷ. ಪಾರ್ಕಿನ್ಸನ್ಸ್ ಇದೆ. ಬಲಗೈ ನಡುಕ ಮಾತ್ರೆಯಿಂದ ಸುಮಾರಾಗಿ ಹತೋಟಿಯಲ್ಲಿದೆ, ನಡಿಗೆಯೂ ಪರವಾಗಿಲ್ಲ. ತೊಂದರೆ ಇರುವುದು ಮಾತಿನಲ್ಲಿ.

ಕೆಲಸದಲ್ಲಿದ್ದಷ್ಟು ಕಾಲ ಲೆಕ್ಕ ಬರೆದುಕೊಂಡು ಬಂದವನು ನಾನು. ಮೊದಲಿನಿಂದಲೂ ಮಾತು ಕಡಿಮೆ, ಆಡಿದರೂ ಮೆತ್ತಗೆ. ಹಾಗಾಗಿ ದನಿ ಇಳಿಯುತ್ತಾ ಬಂದಿದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಈಗ ಏನು ಹೇಳಿದರೂ ಹೆಂಡತಿ "ಏನಂದ್ರಿ?" ಅನ್ನುತ್ತಾಳೆ. ಅವಳ ಕಿವಿ ಪರೀಕ್ಷೆ ಮಾಡಿಸಿಯಾಯಿತು. ಏನೂ ದೋಷವಿಲ್ಲವಂತೆ. ನನಗೇನೋ ನನ್ನ ದನಿ ಮೊದಲಿನಷ್ಟೇ ಇದೆ ಅನಿಸುತ್ತದೆ.

ವಾಕ್ಯ ಶುರುವಾಗುವಾಗ ಚೆನ್ನಾಗಿರುತ್ತದೆ. ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿದು ಗೊಣಗಿದ ಹಾಗಾಗುತ್ತದೆ. ನಮ್ಮ ಮಾತಿನಲ್ಲಿ ಹೌದೋ ಅಲ್ಲವೋ ಅನ್ನುವುದು ಬರುವುದೇ ಕೊನೆಯಲ್ಲಿ, ಅಲ್ವಾ? "ನಾಳೆ ನಾನು ಬರೋದಿಲ್ಲ" ಅಂದಿದ್ದು ಮಗನಿಗೆ "ನಾಳೆ ನಾನು ಬರೋದು" ಅಂತ ಮಾತ್ರ ಕೇಳಿಸಿದೆ. ಬೆಳಿಗ್ಗೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದ.

ಫೋನಂತೂ ಬಿಟ್ಟೇಬಿಟ್ಟಿದ್ದೇನೆ. ಇದಕ್ಕಿಂತ ಬೇಜಾರಿನ ಸಂಗತಿ ಒಂದಿದೆ. ಡಾಕ್ಟರ ಹತ್ತಿರ ಹೋದರೆ ಅವರು ಹೆಂಡತಿಯನ್ನು ನೋಡಿ "ಇವರಿಗೆ ನಿದ್ದೆ ಬರ್ತಾ ಇದೆಯಾ?" ಅಂತ ಕೇಳುತ್ತಾರೆ. ನಾನು ಅಲ್ಲೇ ಕೂತಿರುತ್ತೇನೆ! ಮುಖದಲ್ಲೂ ಭಾವನೆ ಕಾಣುವುದಿಲ್ಲವಂತೆ. ಅದಕ್ಕೇ ನನಗೆ ಸಿಟ್ಟು ಬಂದಿದೆ ಅಂತಲೋ, ಅರ್ಥವೇ ಆಗಿಲ್ಲ ಅಂತಲೋ ಜನ ಅಂದುಕೊಳ್ಳುತ್ತಾರೆ. ತಲೆಯಲ್ಲಿ ಲೆಕ್ಕ ಇನ್ನೂ ಸರಿಯಾಗಿಯೇ ಇದೆ.

ಮಾತ್ರೆಯ ಡೋಸ್ ಜಾಸ್ತಿ ಮಾಡಿದರೆ ದನಿ ಬರುತ್ತದೆಯೇ? ಈ ವಯಸ್ಸಿಗೆ ಸ್ಪೀಚ್ ಥೆರಪಿಯಿಂದ ಏನಾದರೂ ಉಪಯೋಗ ಇದೆಯೇ?

ಸ್ಪೀಚ್ ಥೆರಪಿಸ್ಟ್

ಸರ್, ನೀವು ಬರೆದಿದ್ದರಲ್ಲಿ ಮುಖ್ಯವಾದ ಮಾತು "ಮೊದಲಿನಷ್ಟೇ ಇದೆ ಅನಿಸುತ್ತದೆ" ಅನ್ನುವುದು. ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಕಡಿಮೆಯಾದಾಗ ಚಲನೆಗಳು ಚಿಕ್ಕದಾಗುತ್ತವೆ. ಅಕ್ಷರ ಸಣ್ಣದಾಗುವುದು, ಹೆಜ್ಜೆ ಗಿಡ್ಡವಾಗುವುದು ಇದರಿಂದಲೇ. ಎದೆ, ಧ್ವನಿತಂತು, ನಾಲಿಗೆ, ತುಟಿಗಳಿಗೂ ಹಾಗೆಯೇ ಆಗುತ್ತದೆ. ಅದರ ಜೊತೆಗೆ ಸ್ವಂತ ದನಿಯನ್ನು ಅಳೆಯುವ ಅಂದಾಜೂ ತಪ್ಪುತ್ತದೆ. ನೀವು ಮೆತ್ತಗೆ ಮಾತಾಡಿದರೂ ನಿಮ್ಮ ಮೆದುಳು ಅದನ್ನು ಸರಿಯಾದ ದನಿ ಅಂತಲೇ ಲೆಕ್ಕ ಹಾಕುತ್ತದೆ. "ಜೋರಾಗಿ ಹೇಳಿ" ಅಂತ ಮನೆಯವರು ಅಂದಾಗ ಒಂದು ವಾಕ್ಯ ಜೋರಾಗಿ ಬಂದು, ಮುಂದಿನದು ಮತ್ತೆ ಇಳಿಯುವುದು ಇದಕ್ಕೇ. ನಿಮ್ಮ ಹಟವೂ ಅಲ್ಲ, ಉದಾಸೀನವೂ ಅಲ್ಲ.

ಡೋಸ್ ವಿಚಾರ ನಿಮ್ಮ ನ್ಯೂರಾಲಜಿಸ್ಟ್ ಜೊತೆಗೇ ಮಾತಾಡಿ. ಆದರೆ ಪಾರ್ಕಿನ್ಸನ್ಸ್‌ಗೆ ಕೊಡುವ ಮುಖ್ಯ ಔಷಧಿ ಲೆವೊಡೋಪಾ ಕೈಕಾಲಿಗೆ ಕೊಡುವಷ್ಟು ಸಹಾಯ ಮಾತಿಗೆ ಕೊಡುವುದಿಲ್ಲ. ಕೆಲವರಿಗೆ ಸ್ವಲ್ಪ ಅನುಕೂಲವಾಗುತ್ತದೆ, ಅಷ್ಟೇ.

ಥೆರಪಿಯಿಂದ ಖಂಡಿತ ಉಪಯೋಗ ಇದೆ. ಎಲ್‌ಎಸ್‌ವಿಟಿ ಲೌಡ್ ಅನ್ನುವ ಪದ್ಧತಿ 1980ರ ದಶಕದಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ಸ್ ಇರುವವರಿಗಾಗಿಯೇ ಶುರುವಾಯಿತು. ವಾರಕ್ಕೆ 4 ದಿನ, ದಿನಕ್ಕೆ ಒಂದು ಗಂಟೆ, ಹೀಗೆ 4 ವಾರ. ಜೊತೆಗೆ ಮನೆಯಲ್ಲಿ ದಿನವೂ ಅಭ್ಯಾಸ. "ಆ" ಅಂತ ಉಸಿರಿರುವಷ್ಟು ಹೊತ್ತು ಗಟ್ಟಿಯಾಗಿ ಹಿಡಿಯುವುದು, ದನಿ ಏರಿಸುವುದು ಇಳಿಸುವುದು, ದಿನವೂ ಬಳಸುವ ಹತ್ತು ಮಾತುಗಳನ್ನು ಜೋರಾಗಿ ಹೇಳುವುದು. ನೆನಪಿಡಬೇಕಾದ ಸೂಚನೆ ಒಂದೇ: ಜೋರು. ಜೋರಾಗಿ ಹೇಳಲು ಹೋದರೆ ಬಾಯಿಯೂ ತಾನಾಗಿ ಅಗಲವಾಗುತ್ತದೆ, ಉಚ್ಚಾರಣೆಯೂ ಬಿಡಿಸಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 388 ಜನರ ಮೇಲೆ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಅಲ್ಲಿನ ಮಾಮೂಲಿ ಸ್ಪೀಚ್ ಥೆರಪಿಗಿಂತ ಇದರಿಂದ ಜಾಸ್ತಿ ಪ್ರಯೋಜನ ಕಂಡಿತ್ತು.

ಶುರು ಮಾಡುವ ಮೊದಲು ಇಎನ್‌ಟಿ ಡಾಕ್ಟರಿಗೆ ಗಂಟಲು ತೋರಿಸಿ. ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ, ಊಟವಾದ ಮೇಲೆ ದನಿ ಗೊರಗೊರ ಅನ್ನುತ್ತಿದ್ದರೆ ಬೇಗ ತಿಳಿಸಿ. ಅದು ನುಂಗುವ ತೊಂದರೆ ಇರಬಹುದು. ಮಾತಿನ ತೊಂದರೆಗಿಂತ ಅದು ಅಪಾಯ.

ಇನ್ನೊಬ್ಬ ರೋಗಿಯ ಹೆಂಡತಿ

ನಮ್ಮ ಮನೆಯವರಿಗೂ ಇದೇ. ನಾನು ನಿಮ್ಮ ಹೆಂಡತಿಯ ಕಡೆಯವಳು ಅಂತ ಮೊದಲೇ ಹೇಳಿಬಿಡುತ್ತೇನೆ! ದಿನವಿಡೀ "ಏನಂದ್ರಿ" ಅನ್ನುವುದೂ ಸುಲಭವಲ್ಲ.

ನಮ್ಮಲ್ಲಿ ಕೆಲಸಕ್ಕೆ ಬಂದಿದ್ದು ಇದು. "ಏನು?" ಅಂತ ಕೇಳುವ ಬದಲು ನನಗೆ ಕೇಳಿಸಿದಷ್ಟನ್ನು ನಾನೇ ಹೇಳುತ್ತೇನೆ. "ಶನಿವಾರ ಯಾರೋ ಬರ್ತಾರೆ ಅಂದ್ರಿ, ಯಾರು?" ಅಂತ. ಆಗ ಅವರು ಪೂರ್ತಿ ವಾಕ್ಯ ಮತ್ತೆ ಹೇಳಬೇಕಿಲ್ಲ, ಬಿಟ್ಟುಹೋದ ಪದ ಹೇಳಿದರೆ ಸಾಕು. ಆಯಾಸವೂ ಕಡಿಮೆ, ಸಿಟ್ಟೂ ಕಡಿಮೆ. "ಜೋರಾಗಿ" ಅನ್ನುವುದನ್ನೂ ಬಿಟ್ಟಿದ್ದೇನೆ. ಅಂಗೈ ಸ್ವಲ್ಪ ಮೇಲೆತ್ತಿದರೆ ಅವರಿಗೆ ಗೊತ್ತಾಗುತ್ತದೆ. ನೆಂಟರ ಮುಂದೆ ಇದು ಎಷ್ಟು ವಾಸಿ ಅಂತೀರಿ!

ಮಾತಾಡುವಾಗ ಟಿವಿ ಆಫ್. ಅಡುಗೆಮನೆಯಿಂದ ಕೂಗಿ ಏನನ್ನೂ ಕೇಳುವುದಿಲ್ಲ, ಎದುರು ಹೋಗಿ ನಿಲ್ಲುತ್ತೇನೆ. ನಡೆಯುವಾಗ ಮಾತಾಡಿಸುವುದಿಲ್ಲ. ಎರಡೂ ಒಟ್ಟಿಗೆ ಮಾಡಲು ಹೋದರೆ ಅವರಿಗೆ ಮಾತೂ ಕೆಡುತ್ತದೆ, ಹೆಜ್ಜೆಯೂ ತಡವರಿಸುತ್ತದೆ. ಮುಖ್ಯವಾದ ವಿಷಯ ಏನಿದ್ದರೂ ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲೇ.

ಮೆದುಮಾತಿನವ

ಇಬ್ಬರಿಗೂ ಥ್ಯಾಂಕ್ಸ್. ಮೇಡಂ, ನಿಮ್ಮ ಉತ್ತರವನ್ನು ಹೆಂಡತಿ ಎರಡು ಸಲ ಓದಿದಳು. ನಾನು ಮೊಬೈಲಿನಲ್ಲಿ ನನ್ನ ಮಾತು ರೆಕಾರ್ಡ್ ಮಾಡಿ ಕೇಳಿದೆ. ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡಿದ ಹಾಗಿತ್ತು, ಅದೂ ಏರಿಳಿತವೇ ಇಲ್ಲದೆ. ಬೇಕಂತಲೇ ಜೋರಾಗಿ ಹೇಳಿ ಇನ್ನೊಮ್ಮೆ ರೆಕಾರ್ಡ್ ಮಾಡಿದೆ. ಹೇಳುವಾಗ ಜಗಳಕ್ಕೆ ನಿಂತವನ ಹಾಗೆ ಅನಿಸಿ ನಾಚಿಕೆಯಾಯಿತು. ಕೇಳಿದರೆ ಮಾಮೂಲಿ ಮಾತು!

ಮುಂದೆ ಬೇಕಾದರೆ ಡಿಬಿಎಸ್ ಆಪರೇಷನ್ (ಮೆದುಳೊಳಗೆ ತಂತಿ ಇಟ್ಟು ಸಣ್ಣ ವಿದ್ಯುತ್ ಕೊಡುವುದು) ಮಾಡಬಹುದು ಅಂತ ಡಾಕ್ಟರು ಅಂದಿದ್ದಾರೆ. ಅದರಿಂದ ಮಾತೂ ಸರಿಹೋಗುತ್ತದೆಯೇ?

ಹಳೇ ರೋಗಿ

ಮಾತಿಗಾಗಿ ಡಿಬಿಎಸ್ ಮಾಡಿಸಬೇಡಿ. ನಡುಕಕ್ಕೆ, ಬಿಗಿತಕ್ಕೆ, ಮಾತ್ರೆಯ ಪರಿಣಾಮದ ಏರುಪೇರಿಗೆ ಅದು ಒಳ್ಳೆಯದು. ಮಾತು ಮಾತ್ರ ಅದರಿಂದ ಸಾಮಾನ್ಯವಾಗಿ ಸುಧಾರಿಸುವುದಿಲ್ಲ, ಕೆಲವರಿಗೆ ಇನ್ನಷ್ಟು ಕೆಡುವುದೂ ಉಂಟು. ಆಪರೇಷನ್ನಿಗೆ ಒಪ್ಪುವ ಮೊದಲು ಈ ಪ್ರಶ್ನೆಯನ್ನು ನೇರವಾಗಿ ಕೇಳಿ.

ಜೋರಾಗಿ ಹೇಳಿದಾಗ ಜಗಳದ ಹಾಗೆ ಅನಿಸಿತು ಅಂದಿರಲ್ಲ, ಅದೇ ಸರಿಯಾದ ಅಳತೆ. "ಅತಿಯಾಯ್ತು" ಅನಿಸುವಷ್ಟು ದನಿ ತೆಗೆದರೆ ಎದುರಿನವರಿಗೆ ಸರಿಯಾಗಿ ಕೇಳಿಸುತ್ತದೆ. ಈ ನಾಚಿಕೆ ಬಿಡುವುದು ನನಗೆ ವ್ಯಾಯಾಮಕ್ಕಿಂತ ಕಷ್ಟವಾಗಿತ್ತು.

ಕೊರಳಿಗೆ ಹಾಕಿಕೊಳ್ಳುವ ಚಿಕ್ಕ ಮೈಕ್-ಸ್ಪೀಕರ್ ಸಿಗುತ್ತದೆ. ದನಿ ಸಣ್ಣದಾಗಿ, ಉಚ್ಚಾರಣೆ ಚೆನ್ನಾಗಿದ್ದರೆ ಕೊಳ್ಳಿ. ಪದಗಳೇ ಒಂದರ ಮೇಲೊಂದು ಬಿದ್ದು ಓಡುತ್ತಿದ್ದರೆ ಅದು ಗೊಣಗುವಿಕೆಯನ್ನೇ ದೊಡ್ಡದು ಮಾಡುತ್ತದೆ. ನನ್ನದು ಓಡುವ ಮಾತು. ಅದಕ್ಕೆ ತೊಡೆಯ ಮೇಲೆ ಒಂದೊಂದು ಪದಕ್ಕೆ ಒಂದೊಂದು ಬೆರಳು ಒತ್ತಿಕೊಂಡು ಹೇಳುತ್ತೇನೆ.

ನಿಮಗೆ ಕೊನೆಯ ಪದ ಅಲ್ವಾ ಹೋಗುವುದು? ವಾಕ್ಯ ಗಿಡ್ಡ ಮಾಡಿ, ನಡುವೆ ಉಸಿರು ತೆಗೆದುಕೊಳ್ಳಿ. "ಇಲ್ಲ" ಅನ್ನುವುದನ್ನು ಮೊದಲೇ ಹೇಳಿಬಿಡಿ. "ಇಲ್ಲ, ನಾಳೆ ಬರಲ್ಲ." ಮಗ ಕಾರು ತರುವುದಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೇಲೆ ದಪ್ಪಕ್ಷರದಲ್ಲಿ "ನಾನೇ ಉತ್ತರ ಕೊಡುತ್ತೇನೆ, ಸ್ವಲ್ಪ ಸಮಯ ಕೊಡಿ" ಅಂತಿರಲಿ. ಚೀಟಿಯನ್ನು ಕೊಡುವುದು ನೀವೇ, ಹೆಂಡತಿಯಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಬೇಡಿ, ಸ್ವಲ್ಪ ಹಿಂದೆ ಕೂರಿಸಿ. ಡಾಕ್ಟರ ಕಣ್ಣು ತಾನಾಗಿ ನಿಮ್ಮ ಕಡೆ ಬರುತ್ತದೆ.

ವಾರಕ್ಕೆ 4 ದಿನ ಓಡಾಡುವುದು ಕಷ್ಟವಾದರೆ ಥೆರಪಿಯನ್ನು ವಿಡಿಯೋ ಕಾಲ್‌ನಲ್ಲೂ ಕೊಡುವವರಿದ್ದಾರೆ, ಕೇಳಿ ನೋಡಿ.