ಮಾಜಿ ಸೈನಿಕರಿಗೆ ಈ ಸಲ ಏನು ಕೊಡೋಣ?

ತೀರ್ಥಹಳ್ಳಿ ಹುಡುಗ: ನಮ್ಮ ಸೇವಾ ಕ್ಲಬ್‌ನಲ್ಲಿ ಪ್ರತಿ ವರ್ಷ ಮಾಜಿ ಸೈನಿಕರಿಗೆ ಶಾಲು, ಹಾರ, ಒಂದು ಫೋಟೋ, ಅಷ್ಟೇ. ಈ ಸಲ ಪಕ್ಕದ ಬಡ ಮನೆಗಳನ್ನೂ ಸೇರಿಸಿ ಬೇರೆ ಏನು ಮಾಡಬಹುದು?

ಆಗುಂಬೆ ಮಳೆ: ಶಾಲು ಸಾಕು ಮಾರಾಯ್ರೆ! ನಮ್ಮ ಪಕ್ಕದ ಅಜ್ಜನ ಹತ್ತಿರ ಪೆಟ್ಟಿಗೆ ತುಂಬ ಶಾಲು ಇವೆ, ಸೋರುವ ಮಾಡಿಗೆ ಹೊದಿಸಲು ಟಾರ್ಪಾಲು ಮಾತ್ರ ಇಲ್ಲ. ಜೂನ್‌ಗೆ ಮೊದಲೇ ಹೆಂಚು ಸರಿ ಮಾಡಿಸಿ, ಕಂಬಳಿ, ಒಣ ಸೌದೆ ಕೊಡಿ. ಅಕ್ಕಿ ರೇಷನ್‌ನಲ್ಲೂ ಸಿಗುತ್ತದೆ ಅಲ್ವಾ.

ಸಾಗರದವಳು: ಸೈನಿಕರ ಕಲ್ಯಾಣಕ್ಕೆ ದೇಣಿಗೆ ಸಂಗ್ರಹಿಸುವ ಡಿಸೆಂಬರ್ 7ರ ಧ್ವಜ ದಿನ 1949ರಿಂದ ಇದೆ, ಆದರೆ ಅದರ ಹೆಸರಲ್ಲಿ ಸುಮ್ನೆ ಡಬ್ಬಿ ಹಿಡಿಯಬೇಡಿ, ಮೊದಲು ಸೈನಿಕ ಕಲ್ಯಾಣ ಇಲಾಖೆಯವರನ್ನು ಕೇಳಿ. ಇನ್ನೊಂದು, ಗಂಡ ತೀರಿಕೊಂಡ ಅಜ್ಜಿಯರಿಗೆ ಪಿಂಚಣಿಗಾಗಿ ವರ್ಷಕ್ಕೊಮ್ಮೆ ಜೀವನ್ ಪ್ರಮಾಣ್ (ಬದುಕಿದ್ದೇವೆ ಅನ್ನೋ ಆನ್‌ಲೈನ್ ದಾಖಲೆ) ಮಾಡಿಸುವುದೇ ದೊಡ್ಡ ತಲೆನೋವು. ನೆಟ್‌ವರ್ಕ್ ಸಿಗುವ ಜಾಗದವರೆಗೆ ಜೀಪಲ್ಲಿ ಕರೆದುಕೊಂಡು ಹೋಗಿ.

ತೀರ್ಥಹಳ್ಳಿ ಹುಡುಗ: ಜೀಪ್ ಇದೆ!