ಕ್ಯಾಬಿನ್ ಬ್ಯಾಗ್: 20 ಇಂಚಿನ ಟ್ರಾಲಿಯೋ, ಬ್ಯಾಕ್‌ಪ್ಯಾಕೋ?

ಹುಬ್ಬಳ್ಳಿ_ಪಯಣಿಗ:
ಹುಬ್ಬಳ್ಳಿ–ಬೆಂಗಳೂರು ವಿಮಾನ ಓಡಾಟಕ್ಕೆ, ಆಗಾಗ ದೆಹಲಿಗೂ, ಒಂದೇ ಕ್ಯಾಬಿನ್ ಬ್ಯಾಗ್ ತಗೋಬೇಕು. ಮೂರು ದಿನದ ಬಟ್ಟೆ, ಲ್ಯಾಪ್‌ಟಾಪ್ ಹಿಡಿದರೆ ಸಾಕು. ಅಂಗಡಿಯವರು ನಾಲ್ಕು ಚಕ್ರದ 20 ಇಂಚಿನ ಗಟ್ಟಿ ಟ್ರಾಲಿ ತೋರಿಸ್ತಿದ್ದಾರೆ. ತಗೋಬಹುದಾ?

ತೂಕದಕಲ್ಲು:
ಚೀಟಿ ಮೇಲಿನ 20 ಇಂಚು ನಂಬಬೇಡಿ. ಎಷ್ಟೋ ಸಲ ಅದು ಪೆಟ್ಟಿಗೆಯ ಅಳತೆ ಮಾತ್ರ. ಏರ್‌ಲೈನ್‌ನವರು ಚಕ್ರ, ಹಿಡಿಕೆ ಎಲ್ಲಾ ಸೇರಿಸಿ ಅಳೀತಾರೆ. ದೇಶದೊಳಗೆ ಎಕಾನಮಿಗೆ ಸಾಮಾನ್ಯವಾಗಿ 7 ಕೆಜಿ, ಮೂರೂ ಅಳತೆ ಕೂಡಿ 115 ಸೆಂ.ಮೀ., ಉದಾಹರಣೆಗೆ 55×35×25. ಅಂಗಡಿಗೆ ಟೇಪ್ ಒಯ್ಯಿರಿ, ನೆಲದಿಂದ ಮೇಲಿನ ಹಿಡಿಕೆವರೆಗೆ ಹಿಡಿದು ನೋಡಿ. ದಪ್ಪ ಹಿಗ್ಗಿಸೋ ಜಿಪ್ ಬಿಚ್ಚಿದ್ರೆ 25 ದಾಟುತ್ತೆ.

ಇನ್ನು ತೂಕ. ಗಟ್ಟಿ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆ–ಮೂರು ಕೆಜಿ. ಲ್ಯಾಪ್‌ಟಾಪ್, ಚಾರ್ಜರ್ ಇನ್ನೆರಡು ತಿಂದರೆ ಬಟ್ಟೆಗೆ ಏನುಳೀತು? ಕೆಲವು ಏರ್‌ಲೈನ್‌ನವರು ಲ್ಯಾಪ್‌ಟಾಪ್ ಬ್ಯಾಗ್ ಬೇರೆಯಾಗಿ ಒಯ್ಯೋಕೆ ಬಿಡ್ತಾರೆ, ಟಿಕೆಟ್‌ನಲ್ಲಿ ನೋಡ್ಕೊಳ್ಳಿ.

ರನ್‌ವೇ_ಬದಿ:
ನಿಮ್ಮ ದಾರಿಗೆ ಎಟಿಆರ್ 72 ಅನ್ನೋ ಚಿಕ್ಕ ಪಂಖದ ವಿಮಾನ ಬಂದರೆ ಟ್ರಾಲಿ ಆಟ ಮುಗೀತು. ಅದರ ಮೇಲಿನ ಗೂಡು ಚಿಕ್ಕದು. ಏರ್‌ಬಸ್ 320ರಲ್ಲಿ ಸಲೀಸಾಗಿ ಕೂರೋ ಗಟ್ಟಿ ಪೆಟ್ಟಿಗೆಗೆ ಇಲ್ಲಿ ಮುಚ್ಚಳ ಹಾಕೋಕಾಗಲ್ಲ. ವಿಮಾನದ ಹತ್ತಿರವೇ ಟ್ಯಾಗ್ ಕಟ್ಟಿ ಸರಕಿನ ಜೊತೆ ಹಾಕ್ತಾರೆ. ಮೆತ್ತನೆ ಬ್ಯಾಗಾದರೆ ಒತ್ತಿ ಕೂರಿಸಬಹುದು, ಇಲ್ಲಾ ಕಾಲಡಿ ತಳ್ಳಬಹುದು.

ಟ್ಯಾಗ್ ಬಿತ್ತು ಅಂದರೆ ಪವರ್ ಬ್ಯಾಂಕ್ ಕೈಗೆ ತಗೊಳ್ಳಲೇಬೇಕು. ಅದರೊಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸರಕಿನ ಜಾಗದಲ್ಲಿ ಆರಿಸೋಕೆ ಯಾರೂ ಇರಲ್ಲ. ಹಾಗಾಗಿ ಅದು ಹೊರಜೇಬಿನಲ್ಲೇ ಇರಲಿ. ಮಿತಿ 100 ವ್ಯಾಟ್-ಅವರ್: ಪವರ್ ಬ್ಯಾಂಕ್ ಮೇಲೆ ಬರೆದಿರೋ ಎಂಎಎಚ್ (mAh) ಅಂಕಿಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000ದ್ದು 74, ನಿಶ್ಚಿಂತೆ. 30,000ದ್ದು 111, ಏರ್‌ಲೈನ್ ಒಪ್ಪಿಗೆ ಬೇಕು. ಅಂಕಿ ಅಳಿಸಿಹೋದ ಹಳೇದು ಬೇಡ, ತಪಾಸಣೆಯಲ್ಲಿ ವಾದ ಮಾಡಿ ಗೆಲ್ಲೋಕಾಗಲ್ಲ.

ಹುಬ್ಬಳ್ಳಿ_ಪಯಣಿಗ:
ಎಟಿಆರೇ ಜಾಸ್ತಿ. ಆದ್ರೂ ಬೆನ್ನುನೋವಿದೆ, ಚಕ್ರ ಬೇಕೇ ಬೇಕು.

ಜಿಪ್_ರಿಪೇರಿ:
ಹಾಗಿದ್ರೆ ಎರಡೇ ಚಕ್ರದ ಬಟ್ಟೆಯ ಟ್ರಾಲಿ ನೋಡಿ. ಚಕ್ರ ಮೂಲೆಯೊಳಗೆ ಹುದುಗಿರುತ್ತೆ, ಎತ್ತರ ಅಷ್ಟು ಉಳೀತು. ಕಿತ್ತುಹೋದ ಫುಟ್‌ಪಾತ್ ಮೇಲೂ ಎಳೀಬಹುದು. ನಾಲ್ಕು ಚಕ್ರದ್ದು ನುಣುಪು ನೆಲಕ್ಕಷ್ಟೇ ಲಾಯಕ್ಕು. ಚಕ್ರಕ್ಕೆ ಸ್ಕ್ರೂ ಇದೆಯಾ ನೋಡಿ, ರಿವೆಟ್ ಹೊಡೆದಿದ್ರೆ ಬದಲಿಸೋದು ತಲೆನೋವು. ಹಿಡಿಕೆ ಪೂರ್ತಿ ಎಳೆದು ಅಲ್ಲಾಡಿಸಿ. ಹೊಸದರಲ್ಲೇ ಲಟಪಟ ಅಂದ್ರೆ ಅಲ್ಲೇ ಬಿಟ್ಟುಬನ್ನಿ.

ಗಟ್ಟಿಯದೇ ಬೇಕಂದ್ರೆ ಎಬಿಎಸ್ ಪ್ಲಾಸ್ಟಿಕ್‌ನದು ಬೇಡ, ಪೆಟ್ಟು ಬಿದ್ದರೆ ಮೂಲೆ ಸೀಳುತ್ತೆ. ಪಾಲಿಕಾರ್ಬೊನೇಟ್ ತಗ್ಗಾಗಿ ಮತ್ತೆ ಎದ್ದೇಳುತ್ತೆ.