ಮರವನ್ನು ಒಡಲಲ್ಲಿಟ್ಟುಕೊಂಡ ಉಕ್ಕಿನ ಹತ್ತರಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಮನೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಕಳೆದ ಕೆಲವು ತಿಂಗಳುಗಳಿಂದ ಬಿಡುವಾದಾಗಲೆಲ್ಲ ನಾನು ಒಂದು ಹತ್ತರಿಯನ್ನು, ಎಂದರೆ ಬಡಗಿಗಳು ಹಲಗೆಯನ್ನು ಹೆರೆದು ನಯಗೊಳಿಸುವ ಸಲಕರಣೆಯನ್ನು, ಮಾಡುತ್ತಿದ್ದೇನೆ. ಅದರ ತಳ 6 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯದು, ಎರಡು ಪಕ್ಕಗಳು 4 ಮಿಲಿಮೀಟರಿನವು. ಈ ಮೂರೂ ಸೇರಿ ಆಗುವ ತೊಟ್ಟಿಯೊಳಗೆ ಬೀಟೆಯ ಮರವನ್ನು ಸಂದಿಲ್ಲದಂತೆ ಕೂರಿಸಿ, ಆ ಮರದಲ್ಲಿ ಕೊರೆದ ಇಳಿಜಾರಿನ ಮೇಲೆ ಅಲಗನ್ನು ಮಲಗಿಸಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಇನ್‌ಫಿಲ್ ಪ್ಲೇನ್ ಎಂಬ ಹೆಸರಿದೆ. ಮಾಡಿದ ಕ್ರಮವನ್ನು ಮುಂದೆ ಕಲಿಯುವವರಿಗಾಗಿ ಕನ್ನಡದಲ್ಲಿ ಬರೆದಿಡಬೇಕೆಂದು ಕುಳಿತಾಗ, ವಸ್ತುವಿನ ಹೆಸರಿನಲ್ಲಿಯೇ ಲೇಖನಿ ನಿಂತಿತು. ಆ ತೊಡಕನ್ನು ಬಲ್ಲವರ ಮುಂದಿಡುವುದಕ್ಕಾಗಿ ಈ ಬರಹ.

ಈ ಸಲಕರಣೆಗೆ ನಮ್ಮಲ್ಲಿ ಹೆಸರಿನ ಬರವಿಲ್ಲ. ನಾನು ಬೆಳೆದ ಕಡೆಯ ಬಡಗಿಗಳು ಹತ್ತರಿ ಎನ್ನುತ್ತಾರೆ. ‘ಹಲಗೆಗೆ ಹತ್ತರಿ ಹೊಡೆ’ ಎಂದರೆ ಅದನ್ನು ನಯಗೊಳಿಸು ಎಂದರ್ಥ. ಬೆಳಗಾವಿ, ಧಾರವಾಡಗಳ ಕಡೆಯವರ ಬಾಯಲ್ಲಿ ರಂದಾ ಎಂಬುದನ್ನು ಕೇಳಿದ್ದೇನೆ. ಅದು ಪಾರಸಿಯ ಮಾತು, ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಅದೇ ಬಳಕೆಯಲ್ಲಿದೆ. ತೆಲುಗಿನೊಡನೆ ನಾವು ಹಂಚಿಕೊಂಡಿರುವ ತೋಪಡ ಎಂಬುದೂ ಒಂದುಂಟು. ಇವುಗಳ ಜೊತೆಗೆ ನಿಘಂಟುಗಳಲ್ಲಿ ಕೀಸುಳಿ ಮತ್ತು ಉಜ್ಜುಗೊರಡು ಎಂಬ ಇನ್ನೆರಡು ಹೆಸರುಗಳಿವೆ. ನನ್ನ ಪ್ರಶ್ನೆ ಹುಟ್ಟಿದ್ದು ಈ ಕಡೆಯ ಎರಡರಿಂದ.

ಕೀಸುಳಿ ಎಂದರೆ ಕೀಸುವ ಉಳಿ. ತಮಿಳಿನ ಇಳೈಪ್ಪುಳಿಯೂ ಹೀಗೆಯೇ ಉಳಿಯಲ್ಲಿ ಕೊನೆಗೊಳ್ಳುತ್ತದೆ. ಈ ಹೆಸರನ್ನು ಕೊಟ್ಟವರು ಸಲಕರಣೆಯ ಒಳಗುಟ್ಟನ್ನು ಕಂಡವರೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಹತ್ತರಿಯೆಂಬುದು ಮೂಲತಃ ಒಂದು ನಿಗದಿಯಾದ ಓರೆಯಲ್ಲಿ ಹಿಡಿದು ನಿಲ್ಲಿಸಿದ ಅಗಲವಾದ ಉಳಿಯೇ. ಅದು ಮರದೊಳಕ್ಕೆ ಎಷ್ಟು ಇಳಿಯಬೇಕೆಂಬುದನ್ನು ಮಾತ್ರ ಸುತ್ತಲಿನ ಒಡಲು ತೀರ್ಮಾನಿಸುತ್ತದೆ. ಉಜ್ಜುಗೊರಡು ಇದಕ್ಕೆ ತಿರುಗುಮುರುಗು: ಉಜ್ಜು ಎಂಬುದಕ್ಕೆ ಕೊರಡು ಸೇರಿ, ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿ ಆದ ಪದ. ಅಲಗಿನ ಸುದ್ದಿಯೇ ಅದರಲ್ಲಿಲ್ಲ, ಇರುವುದೆಲ್ಲ ಮರದ ಒಡಲು. ಒಂದು ಹೆಸರು ಅಲಗನ್ನು ಕಂಡಿದೆ, ಇನ್ನೊಂದು ಒಡಲನ್ನು ಕಂಡಿದೆ. ನಾನು ಮಾಡುತ್ತಿರುವ ಸಲಕರಣೆಯಲ್ಲಿ ಬದಲಾಗಿರುವುದು ಒಡಲು. ಹಾಗಿರುವಾಗ ಉಕ್ಕಿನ ಒಡಲಿನದನ್ನು ಕೊರಡು ಎಂದು ಕರೆಯಬಹುದೆ?

ಇದಕ್ಕೆ ನಾನು ಕಂಡುಕೊಂಡ ಉತ್ತರ, ಕರೆಯಬಹುದು ಎಂಬುದು. ಎಳ್ಳಿನ ನೆಯ್ ಎಂಬುದರಿಂದ ಆದ ಎಣ್ಣೆ ಇಂದು ತೆಂಗಿನದೂ ಆಗಿದೆ, ಸೀಮೆಯದೂ ಆಗಿದೆ. ಅದರಲ್ಲಿ ಯಾರೂ ಎಳ್ಳನ್ನು ಹುಡುಕುವುದಿಲ್ಲ. ಆದರೂ ಈ ಒಂದು ಬಗೆಯ ಹತ್ತರಿಯಲ್ಲಿ ಮರವೂ ಲೋಹವೂ ಬೇರೆಬೇರೆಯಾಗಿ ಎದ್ದು ಕಾಣುವುದರಿಂದ, ‘ಉಕ್ಕಿನ ಉಜ್ಜುಗೊರಡಿನೊಳಗೆ ಮರವನ್ನು ಕೂರಿಸಿ’ ಎಂದು ಬರೆದರೆ ಓದುವವನು ಒಂದು ಗಳಿಗೆ ತಡವರಿಸುತ್ತಾನೆ. ಹತ್ತರಿ ಎಂಬ ಮಾತು ಕಿವಿಗೆ ಮರವನ್ನೂ ಸೂಚಿಸುವುದಿಲ್ಲ, ಲೋಹವನ್ನೂ ಸೂಚಿಸುವುದಿಲ್ಲ. ಆದ್ದರಿಂದ ಅದನ್ನೇ ಇಟ್ಟುಕೊಂಡಿದ್ದೇನೆ.

ಉಳಿದದ್ದು ಇನ್‌ಫಿಲ್ (ಒಳಗೆ ತುಂಬಿದ್ದು) ಎಂಬುದರ ಸಮಸ್ಯೆ, ನಿಜವಾದ ತೊಡಕು ಇರುವುದೂ ಇಲ್ಲಿಯೇ. ಪದವನ್ನು ಆರಿಸುವ ಮೊದಲು ವಸ್ತು ಏಕೆ ಹೀಗಿದೆಯೆಂಬುದನ್ನು ಹೇಳಬೇಕು. ಮರದ ಹತ್ತರಿಯ ತಳ ವರ್ಷಗಟ್ಟಲೆ ಉಜ್ಜಿ ಸವೆಯುತ್ತದೆ. ಅಲಗು ಹೊರಚಾಚುವ ಸೀಳು ಒಳಗೆ ಹೋದಂತೆ ಅಗಲವಾಗುವ ಆಕಾರದ್ದಾದ್ದರಿಂದ, ತಳ ಸವೆದಷ್ಟೂ ಸೀಳು ಅಗಲವಾಗುತ್ತದೆ. ಬಡಗಿಗಳು ‘ಬಾಯಿ ಅಗಲವಾಗಿದೆ’ ಎನ್ನುವುದು ಇದನ್ನೇ. ಬಾಯಿ ಅಗಲವಾದರೆ ಅಲಗಿನ ಮುಂದಿನ ಮರವನ್ನು ಒತ್ತಿ ಹಿಡಿಯುವವರಿಲ್ಲದೆ, ಎಳೆ ತಿರುಚಿಕೊಂಡ ಜಾಗದಲ್ಲಿ ಸಿಬಿರು ಏಳುತ್ತದೆ. ಉಕ್ಕಿನ ತಳ ಅಷ್ಟು ಬೇಗ ಸವೆಯುವುದಿಲ್ಲ. ಬಾಯಿಯನ್ನು ಅರ್ಧ ಮಿಲಿಮೀಟರಿಗಿಂತ ಕಿರಿದಾಗಿ ಇಡಬಹುದು, ಅದು ಹಾಗೆಯೇ ಉಳಿಯುತ್ತದೆ. ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ ಸ್ಟುವರ್ಟ್ ಸ್ಪೀಯರ್ಸ್ 1840ರ ಸುಮಾರಿನಿಂದ ಇಂಥವನ್ನು ಮಾಡತೊಡಗಿದ. ಆಮೇಲೆ ಲಂಡನ್ನಿನ ಥಾಮಸ್ ನಾರಿಸ್ ಹೆಸರು ಮಾಡಿದ, ಅಲಗನ್ನು ತಿರುಪಿನಿಂದ ಹೊಂದಿಸುವ ಆತನ ಏರ್ಪಾಟಿಗೆ 1913ರಲ್ಲಿ ಪೇಟೆಂಟ್ ದೊರೆಯಿತು. ಇಡೀ ಒಡಲನ್ನು ಎರಕ ಹೊಯ್ದ, ಅಗ್ಗದ ಅಮೆರಿಕದ ಹತ್ತರಿಗಳು ಬಂದ ಮೇಲೆ ಇವು ಹಿಂದೆ ಸರಿದವು.

ಇಂಥ ಹತ್ತರಿಯೊಳಗಿನ ಮರಕ್ಕೆ ಏನೆನ್ನೋಣ? ಮೊದಲು ನೆನಪಾದದ್ದು ಹೂರಣ. ಕಣಕದೊಳಗೆ ತುಂಬಿದ್ದು ಹೂರಣ, ಕಾವ್ಯದ ಹೂರಣವೆಂಬ ಮಾತೂ ನಮಗೆ ಪರಿಚಿತ. ಆದರೆ ಹೂರಣ ಮೆತ್ತಗಿನದು, ಕಣಕ ಹೇಳಿದ ಆಕಾರಕ್ಕೆ ಒಗ್ಗುವಂಥದು. ಇಲ್ಲಿನ ಮರ ಹಾಗಲ್ಲ. ಅಲಗಿನ ಬೆನ್ನಿಗೆ ಆಸರೆ ಕೊಡುವುದು ಅದು, ಕೈಗೆ ಹಿಡಿಯಾಗುವುದು ಅದು, ಗಂಟು ಸಿಕ್ಕಾಗ ಬರುವ ಅದುರನ್ನು ನುಂಗುವುದೂ ಅದೇ. ಮರ ತನ್ನ ಎಳೆಗೆ ಅಡ್ಡಲಾಗಿ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಉಕ್ಕಿಗೆ ಗಾಳಿಯ ತೇವದ ಪರಿವೆಯಿಲ್ಲ. ಹಸಿ ಆರದ ಮರವನ್ನು ಕೂರಿಸಿದರೆ ಮುಂದಿನ ಬೇಸಿಗೆಗೆ ಅದು ಪಕ್ಕಗಳಿಂದ ಬಿಟ್ಟುಕೊಂಡು ಅಲಗಿನ ಆಸರೆಯೇ ಅಲುಗಾಡುತ್ತದೆ. ಈ ಭಯದಿಂದಲೇ ನಾನು ಹಳೆಯ ಮಂಚವೊಂದರ ಕಾಲಿನ ಬೀಟೆಯನ್ನು ಆರಿಸಿಕೊಂಡೆ. ಇಷ್ಟೆಲ್ಲ ಹೊರೆ ಹೊರುವ ವಸ್ತುವಿಗೆ ಹೂರಣವೆಂಬ ಹೆಸರು ಸಾಲದು.

ಎರಡನೆಯದು ತಿರುಳು. ಕೇಳಲು ಸೊಗಸಾಗಿದೆ, ಆದರೆ ಬಡಗಿಯ ಕೆಲಸದಲ್ಲಿ ಇದನ್ನು ಬಳಸುವುದು ಅಪಾಯ. ಮರದ ತಿರುಳೆಂದರೆ ಬೊಡ್ಡೆಯ ನಟ್ಟನಡುವಿನ ಮೆದು ಭಾಗ, ಸೀಳು ಬಿಡುವುದು ಅಲ್ಲಿಂದಲೇ. ಹತ್ತರಿಗೆ ಅದನ್ನು ದೂರವಿಟ್ಟು, ಅದರ ಸುತ್ತಲಿನ ಗಟ್ಟಿ ಭಾಗವಾದ ಚೇಗನ್ನು ಆರಿಸಬೇಕು. ‘ಚೇಗಿನಿಂದ ತಿರುಳನ್ನು ಮಾಡಿ’ ಎಂದು ಬರೆದರೆ ಬಲ್ಲ ಬಡಗಿ ಪುಸ್ತಕವನ್ನೇ ಮುಚ್ಚಿಟ್ಟಾನು.

ಮೂರನೆಯ ದಾರಿ ನನಗೆ ಹೆಚ್ಚು ಇಷ್ಟವಾದದ್ದು. ಇಂಗ್ಲಿಷು ಈ ವಸ್ತುವನ್ನು ಲೋಹದ ಕಡೆಯಿಂದ ನೋಡಿ, ಅದರೊಳಗೆ ಏನನ್ನು ತುಂಬಿದೆಯೆಂದು ಹೇಳುತ್ತದೆ. ಕನ್ನಡ ಇಂಥವನ್ನು ಮರದ ಕಡೆಯಿಂದ ನೋಡಿ, ಅದಕ್ಕೆ ಯಾವ ಲೋಹ ತೊಡಿಸಿದೆಯೆಂದು ಹೇಳುವ ರೂಢಿಯದು. ಒನಕೆಯ ತುದಿಗೆ ಅಣಸು ಹಾಕುತ್ತೇವೆ, ಬಂಡಿಯ ಗಾಲಿಗೆ ಪಟ್ಟಾ ಹೊಡೆಸುತ್ತೇವೆ, ರುದ್ರಾಕ್ಷಿಗೆ ಚಿನ್ನದ ಕಟ್ಟು ಹಾಕಿಸುತ್ತೇವೆ, ಬೆಳ್ಳಿ ಕಟ್ಟಿನ ಕೋಲು ಎನ್ನುತ್ತೇವೆ. ಈ ಜಾಡಿನಲ್ಲಿ ‘ಉಕ್ಕಿನ ಕಟ್ಟಿನ ಹತ್ತರಿ’ ಎಂದರೆ ಕನ್ನಡ ಕಿವಿಗೆ ಒಡನೆಯೇ ಚಿತ್ರ ಕಟ್ಟುತ್ತದೆ. ಚರಿತ್ರೆಯೂ ಇದಕ್ಕೆ ಒತ್ತಾಸೆಯಾಗಿದೆ: ರೋಮನ್ನರ ಕಾಲದಲ್ಲಿಯೇ ಮರದ ಒಡಲಿಗೆ ಕಬ್ಬಿಣದ ಹೊದಿಕೆ ತೊಡಿಸಿ ರಿವೆಟ್ ಹೊಡೆದ ಹತ್ತರಿಗಳಿದ್ದವು, ಇಟಲಿಯ ಪೊಂಪೇಯಿಯಲ್ಲಿಯೂ ಇಂಗ್ಲೆಂಡಿನ ಸಿಲ್ಚೆಸ್ಟರಿನಲ್ಲಿಯೂ ಅಂಥವು ಅಗೆತದಲ್ಲಿ ಸಿಕ್ಕಿವೆ.

ಆದರೆ ನನ್ನ ಮೇಜಿನ ಮೇಲಿರುವ ಕೆಲಸ ಈ ಹೆಸರನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಕಟ್ಟು ಎಂದರೆ ಮೊದಲು ವಸ್ತು, ಅದರ ಮೇಲೆ ಲೋಹ. ಇಲ್ಲಿ ಉಕ್ಕಿನ ತೊಟ್ಟಿ ಮೊದಲು ಆಗಬೇಕು, ಅದರ ಅಳತೆಗೆ ತಕ್ಕಂತೆ ಮರವನ್ನು ಕೂದಲೆಳೆಯಷ್ಟು ಹೆರೆಯುತ್ತ ಹೆರೆಯುತ್ತ ಕೂರಿಸಬೇಕು, ಕೊನೆಗೆ ಪಕ್ಕದಿಂದ ಪಕ್ಕಕ್ಕೆ ಮರವನ್ನು ಹಾಯ್ದು ಹೋಗುವ ರಿವೆಟ್ ಹೊಡೆದು ಅರದಿಂದ ಮಟ್ಟ ಮಾಡಬೇಕು. ಅಕ್ಕಸಾಲಿಗರು ಟೊಳ್ಳು ಒಡವೆಯೊಳಗೆ ಅರಗು ತುಂಬುವುದು ಈ ಕ್ರಮಕ್ಕೆ ಹತ್ತಿರದ್ದು. ಅವರು ‘ಅರಗು ತುಂಬಿದ ಗುಂಡು’ ಎಂದು ನೇರವಾಗಿ ಹೇಳುತ್ತಾರೆ. ಅದನ್ನೇ ಅನುಸರಿಸಿ ಸದ್ಯಕ್ಕೆ ‘ಮರ ತುಂಬಿದ ಉಕ್ಕಿನ ಹತ್ತರಿ’ ಎಂದು ಬರೆದುಕೊಂಡಿದ್ದೇನೆ, ಒಳಗಿನ ತುಂಡನ್ನು ಒಡಲುಮರ ಎಂದಿದ್ದೇನೆ.

ತಳ ಮತ್ತು ಪಕ್ಕಗಳ ಜೋಡಣೆಗೂ ಒಂದು ಪದ ಬೇಕಾಗಿದೆ. ಇಂಗ್ಲಿಷಿನವರು ಡವ್‌ಟೇಲ್ ಎನ್ನುವುದನ್ನು ನಾವು ಪಾರಿವಾಳದ ಬಾಲದ ಜೋಡಣೆ ಎಂದು ಅನುವಾದಿಸಿ ಬಳಸುತ್ತಿದ್ದೇವೆ, ಆದರೆ ನಾನು ಕಂಡ ಯಾವ ಬಡಗಿಯೂ ಆ ಉದ್ದದ ಹೆಸರನ್ನು ಆಡಿದ್ದಿಲ್ಲ. ಅವರು ‘ಕಚ್ಚು ಹಾಕು’ ಎನ್ನುತ್ತಾರೆ. ಕಚ್ಚು ಎಂದರೆ ಕೊರೆದ ತೋಡು. ಹಲ್ಲಿನಿಂದ ಹಿಡಿಯುವುದೂ ಕಚ್ಚುವುದೇ ಆದ್ದರಿಂದ ಪದಕ್ಕೆ ಬಿಗಿತದ ಅರ್ಥ ತಾನಾಗಿಯೇ ಒದಗುತ್ತದೆ. ಬಾಲದಂತೆ ಅಗಲವಾಗುವ ಕಚ್ಚಿಗೆ ಬಾಲಗಚ್ಚು ಎನ್ನಬಹುದೆಂದು ನನ್ನ ಸೂಚನೆ. ಉಕ್ಕಿನಲ್ಲಿ ಇದು ಮರದಲ್ಲಿರುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪಕ್ಕದ ಪಟ್ಟಿಯಲ್ಲಿ ಬಾಲಗಳನ್ನು ಕೊಯ್ದು, ತಳದ ಪಟ್ಟಿಯ ಅಂಚುಗಳಲ್ಲಿ ಅವುಗಳಿಗೆ ಒಪ್ಪುವ ತೋಡುಗಳನ್ನು ಅರದಿಂದ ತೀಡಿದ ಮೇಲೆ, ತಳದ ಹಲ್ಲುಗಳ ಪಕ್ಕಗಳಲ್ಲಿಯೂ ಸಣ್ಣ ಓರೆಯ ಎಡೆಯನ್ನು ಬಿಟ್ಟು, ಜೋಡಿಸಿ, ಹೊರಗೆ ಉಳಿದ ಲೋಹವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಆ ಎಡೆಗೆ ಹರಿಸಬೇಕು. ಆಗ ತಳದ ಕಡೆಯಿಂದ ನೋಡಿದರೂ ಬಾಲ, ಪಕ್ಕದ ಕಡೆಯಿಂದ ನೋಡಿದರೂ ಬಾಲ. ಯಾವ ದಿಕ್ಕಿಗೂ ಬಿಡಿಸಲಾಗದು. ಇದಕ್ಕೆ ಇಮ್ಮಡಿ ಬಾಲಗಚ್ಚು ಎಂದಿದ್ದೇನೆ. ಹೀಗೆ ತಟ್ಟಿ ಲೋಹವನ್ನು ಹರಡುವ ಕೆಲಸಕ್ಕೆ ಕಂಚುಗಾರರಲ್ಲಿ ಅಥವಾ ಕಮ್ಮಾರರಲ್ಲಿ ಒಂದೇ ಪದದ ಕ್ರಿಯಾರೂಪ ಇದ್ದರೆ ಅದು ನನಗೆ ತುಂಬ ಬೇಕಾಗಿದೆ. ‘ತಟ್ಟು’ ಎಂಬುದು ರೊಟ್ಟಿಯಿಂದ ಬೆನ್ನಿನವರೆಗೆ ಎಲ್ಲಕ್ಕೂ ಸಲ್ಲುವುದರಿಂದ ಸೂಚನೆಯ ಬರಹದಲ್ಲಿ ಮೊನೆ ಕಳೆದುಕೊಳ್ಳುತ್ತದೆ.

ಉಳಿದ ಭಾಗಗಳಲ್ಲಿ ಹೆಚ್ಚಿನ ಚರ್ಚೆಗೆ ಎಡೆಯಿಲ್ಲ. ತಳ, ಪಕ್ಕ, ಬಾಯಿ, ಅಲಗು, ಹಿಡಿ ಇವು ಇದ್ದಂತೆಯೇ ಸಾಕು. ಮರದ ಹತ್ತರಿಯಲ್ಲಿ ಅಲಗನ್ನು ಬಿಗಿಹಿಡಿಯುವುದು ಬೆಣೆ. ಇದರಲ್ಲಿ ಅದರ ಬದಲು ಎರಡು ಪಕ್ಕಗಳ ನಡುವಣ ಕೀಲಿನ ಮೇಲೆ ತೂಗುವ ಹಿತ್ತಾಳೆಯ ತುಂಡೊಂದಿದೆ, ಅದರ ಮೇಲ್ತುದಿಯ ತಿರುಪನ್ನು ಬಿಗಿಮಾಡಿದರೆ ಕೆಳತುದಿ ಅಲಗನ್ನು ಅದುಮುತ್ತದೆ. ಕೆಲಸ ಸನ್ನೆಗೋಲಿನದೇ ಆದ್ದರಿಂದ ಒತ್ತುಸನ್ನೆ ಎಂದು ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಇದಕ್ಕೆ ಲಿವರ್ ಕ್ಯಾಪ್ ಎಂಬ ಹೆಸರಿದ್ದರೂ ಮುಚ್ಚಳವೆಂಬ ಅರ್ಥ ಬರುವ ಅನುವಾದವನ್ನು ಬೇಕೆಂದೇ ಬಿಟ್ಟೆ, ಅದು ಯಾವುದನ್ನೂ ಮುಚ್ಚುವುದಿಲ್ಲ.

ಆದ್ದರಿಂದ ಕೇಳಿಕೊಳ್ಳುವುದು ಎರಡನ್ನು. ಲೋಹದ ಚಿಪ್ಪು ಮೊದಲು ಆಗಿ, ಆಮೇಲೆ ಅದರ ಅಳತೆಗೆ ಮರ ಕೂರುವ ಯಾವುದಾದರೂ ವಸ್ತುವಿಗೆ, ಅದು ಚೂರಿಯ ಹಿಡಿಯಾಗಲಿ, ವಾದ್ಯದ ಭಾಗವಾಗಲಿ, ರಥದ ಅಲಂಕಾರವಾಗಲಿ, ‘ಕಟ್ಟು’ ಎಂಬ ಪದವನ್ನು ಬಳಸಿದ್ದನ್ನು ನಿಮ್ಮ ಕಡೆ ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಊರಿನ ಹೆಸರನ್ನೂ, ಆಡಿದವರ ಕಸುಬನ್ನೂ ಸೇರಿಸಿ ತಿಳಿಸಬೇಕು. ಅಂಥ ಒಂದು ಬಳಕೆ ಸಿಕ್ಕರೂ ಮರ ತುಂಬಿದ ಎಂಬ ನನ್ನ ಮಾತನ್ನು ಹೊಡೆದುಹಾಕಿ ಉಕ್ಕಿನ ಕಟ್ಟಿನ ಹತ್ತರಿ ಎಂದೇ ತಿದ್ದಿಕೊಳ್ಳುತ್ತೇನೆ. ಎರಡನೆಯದು, ಮೇಲೆ ಹೇಳಿದ ತಟ್ಟಿ ಹರಿಸುವ ಕ್ರಿಯೆಯ ಹೆಸರು. ಮುಂದಿನ ವಾರ ನಾನು ಆ ಕೆಲಸಕ್ಕೆ ಕೈಹಾಕುವವನಿದ್ದೇನೆ, ಆ ಅಧ್ಯಾಯದ ತಲೆಬರಹ ಇನ್ನೂ ಖಾಲಿಯಿದೆ.